ಅಡುಗೆಮನೆಯ ಗ್ಯಾಸು, ಅಪ್ಪನ ಗಾಡಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಬರ್ನರಿನ ಗ್ಯಾಸ್ ಒಲೆ ಇತ್ತು. ಅವ್ವ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಧೂಳು ಬೀಳದಂತೆ ಹಳೆಯ ಬಟ್ಟೆಯೊಂದನ್ನು ಹೊದಿಸುತ್ತಿದ್ದಳು. ಆದರೆ ರೊಟ್ಟಿ, ಪಲ್ಯ, ಚಹಾ ಎಲ್ಲ ಆಗುತ್ತಿದ್ದದ್ದು ನೆಲದ ಮೇಲಿನ ಮಣ್ಣಿನ ಒಲೆಯಲ್ಲಿ. ಹತ್ತಿಕಟ್ಟಿಗೆಯ ಹೊಗೆ ಅವ್ವನಿಗೆ ಆಗುತ್ತಿರಲಿಲ್ಲ. ರೊಟ್ಟಿ ಬಡಿಯುವುದನ್ನು ನಡುವೆ ನಿಲ್ಲಿಸಿ, ಎದೆ ಹಿಡಿದುಕೊಂಡು ಕೆಮ್ಮಿ, ಕೆಮ್ಮು ತಗ್ಗಿದ ಮೇಲೆ ಮತ್ತೆ ಬಡಿಯುತ್ತಿದ್ದಳು. ಗ್ಯಾಸ್ ಇದ್ದ ಮನೆಯಲ್ಲಿ ಹೀಗೇಕೆ ಎಂದು ನಾನು ಕೇಳಿದವಳಲ್ಲ. ಗ್ಯಾಸು ಗಾಡಿಯದು, ಕಟ್ಟಿಗೆ ಮನೆಯದು. ಗಾಡಿಗೆ ಗ್ಯಾಸ್ ಬಂದಾಗಿನಿಂದ ನಮ್ಮಲ್ಲಿ ಹಾಗೆಯೇ.

ಬನಹಟ್ಟಿಯಲ್ಲಿ ನಾವಿದ್ದದ್ದು ಒಂದರ ಹಿಂದೊಂದು ಮೂರು ಖೋಲಿಗಳ ಬಾಡಿಗೆ ಮನೆ. ಮುಂದಿನ ಖೋಲಿಯ ಗೋಡೆಗೆ ಹತ್ತಿಕೊಂಡೇ ಮನೆ ಮಾಲಕರ ಮಗ್ಗಗಳಿದ್ದವು, ಕರೆಂಟಿನ ಮಗ್ಗಗಳು. ಅವು ಓಡುವಷ್ಟು ಹೊತ್ತು ನಾವೆಲ್ಲ ಗಂಟಲು ಏರಿಸಿ ಮಾತಾಡಬೇಕು. ಕರೆಂಟ್ ಹೋದ ಕೂಡಲೇ ನಮ್ಮ ದನಿ ನಮಗೇ ಜೋರಾಗಿ ಕೇಳಿ ಸುಮ್ಮನಾಗುತ್ತಿದ್ದೆವು. ನಡುವಿನ ಖೋಲಿಯಲ್ಲಿ ದೇವರ ಮಾಡ, ಅದರ ಕೆಳಗೆ ಅವ್ವನ ರಾಟಿ. ಮಗ್ಗದವರಿಗಾಗಿ ಅವ್ವ ಸಣ್ಣ ಕೊಳವೆಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಅದಕ್ಕೆ ಕಂಡಿಕೆ ಸುತ್ತುವುದು ಅನ್ನುತ್ತಾರೆ. ಎಡಗೈ ಚಕ್ರ ತಿರುಗಿಸುತ್ತಿದ್ದರೆ ಬಲಗೈ ಬೆರಳುಗಳು ನೂಲನ್ನು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಹಿಡಿದಿರಬೇಕು. ನೂಲು ಹರಿದರೆ ಅವ್ವ ನೋಡದೆಯೇ ಗಂಟು ಹಾಕುತ್ತಿದ್ದಳು. ಮೂರನೆಯದು ಅಡುಗೆಮನೆ. ಅದರ ಹಿಂಬಾಗಿಲು ತೆಗೆದರೆ ಹಿತ್ತಲು. ಅಲ್ಲಿ ಅಪ್ಪನ ವ್ಯಾನು ನಿಲ್ಲುತ್ತಿತ್ತು.

ಅಪ್ಪ ರಬಕವಿ, ಬನಹಟ್ಟಿಯಿಂದ ಜಮಖಂಡಿಗೆ ಸೀಟು ತುಂಬಿ ಓಡಿಸುತ್ತಿದ್ದ. ಸೀರೆಯ ಗಂಟು ಹೊತ್ತ ವ್ಯಾಪಾರಿಗಳು, ದವಾಖಾನೆಗೆ ಹೋಗುವ ಮುದುಕಿಯರು, ಕಾಲೇಜಿನ ಹುಡುಗರು. ರಜೆಯ ದಿನ ನಾನು ಅವನ ಪಕ್ಕದ ಸೀಟಿನಲ್ಲಿ ಇನ್ನಿಬ್ಬರ ನಡುವೆ ಸಿಕ್ಕಿಕೊಂಡು ಹೋಗುತ್ತಿದ್ದೆ. ಪೆಟ್ರೋಲ್ ಹಾಕಿಸುವ ಮುಂಚೆ ಅಪ್ಪ ಅಂಗೈಗೆ ನಾಲ್ಕು ಹನಿ ಬಿಡಿಸಿಕೊಂಡು ಊದುತ್ತಿದ್ದ. ಕೈ ತಣ್ಣಗಾಗಿ ತಟ್ಟನೆ ಒಣಗಿದರೆ ಸರಿ, ಜಿಡ್ಡು ಉಳಿದರೆ ಯಾರೋ ಸೀಮೆಎಣ್ಣೆ ಬೆರೆಸಿದ್ದಾರೆ ಎಂದು ಅರ್ಥ. ಬೇರೆಯವರು ಬೆರೆಸಿದರೆ ಸಿಟ್ಟಾಗುತ್ತಿದ್ದ ಅಪ್ಪ ಮನೆಗೆ ಬಂದು ತಾನೇ ಬೆರೆಸುತ್ತಿದ್ದ. ರೇಷನ್ನಿನ ನೀಲಿ ಎಣ್ಣೆಯನ್ನು ಅವ್ವ ಪಾಳಿ ನಿಂತು ತಂದರೆ ಅರ್ಧ ಮನೆಯ ಚಿಮಣಿ ದೀಪಕ್ಕೆ, ಅರ್ಧ ಗಾಡಿಗೆ. ಜಮಖಂಡಿ ಹತ್ತಿರದ ಏರು ಬಂದಾಗ ಎಂಜಿನ್ನಿನ ಒಳಗೆ ಯಾರೋ ಸಣ್ಣ ಸುತ್ತಿಗೆಯಿಂದ ಕುಟ್ಟಿದಂತೆ ಸದ್ದಾಗುತ್ತಿತ್ತು.

“ಕೇಳಸಾಕತ್ತೈತೇನ್ ಗೌರಿ? ಎಂಜಿನ್ ನನಗ ಬೈಯಾಕತ್ತೈತಿ,” ಎನ್ನುತ್ತಿದ್ದ ಅಪ್ಪ. “ಈ ಎಣ್ಣಿಗೆ ತಾಳಿಕಿ ಇಲ್ಲ. ಹೊತ್ತಕೋ ಅನ್ನೂಕಿಂತ ಮೊದಲ ಹೊತ್ತಕೋತೈತಿ.”

ಒತ್ತಡಕ್ಕೆ ಸಿಕ್ಕಾಗ ತಾನಾಗಿ ಹೊತ್ತಿಕೊಳ್ಳದೆ ಕಿಡಿ ಬರುವ ತನಕ ತಡೆಯುವ ಆ ಗುಣಕ್ಕೆ ಆಕ್ಟೇನ್ ಎಂಬ ಅಳತೆ ಇದೆ ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಅಪ್ಪನಿಗೆ ಆ ಶಬ್ದ ಗೊತ್ತಿರಲಿಲ್ಲ. ಕಿವಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಓಡಿಸುತ್ತಿದ್ದ. ಹಿಂದೆ ಕೂತವರು ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೊನೆಗೊಂದು ದಿನ ಪಿಸ್ಟನ್ ಸುಟ್ಟು, ಗಾಡಿ ಹದಿನೈದು ದಿನ ಗ್ಯಾರೇಜಿನಲ್ಲಿ ಕೂತಿತು. ಅಲ್ಲಿಂದ ಬರುವಾಗ ಅದರ ಸೀಟಿನ ಕೆಳಗೆ ಗ್ಯಾಸಿನ ಟಾಕಿ ಕೂಡಿಸಲಾಗಿತ್ತು.

ಗ್ಯಾಸಿನ ಮೇಲೆ ಗಾಡಿ ಹಗುರಾಗಿ, ಸದ್ದಿಲ್ಲದೆ ಏರು ಏರಿತು. ಅಪ್ಪ ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ಗಾಡಿಯ ಗ್ಯಾಸ್ ತುಂಬುವ ಪಂಪು ನಮ್ಮ ಕಡೆ ಇರಲಿಲ್ಲ. ಅಡುಗೆ ಸಿಲಿಂಡರಿನಿಂದ ಗಾಡಿಗೆ ತುಂಬುವುದು ಕಾಯಿದೆಗೆ ವಿರುದ್ಧವಾಗಿತ್ತು. ಆದರೂ ಕನೆಕ್ಷನ್ ಇದ್ದು ಕಟ್ಟಿಗೆಯನ್ನೇ ಉರಿಸುವ ಮನೆಗಳಿಂದ ಅಪ್ಪ ಸಿಲಿಂಡರ್ ತರುತ್ತಿದ್ದ. ಅವು ಸಿಗದ ದಿನ ಅವ್ವನದು, ಅದಕ್ಕೆಂದೇ ಅದನ್ನು ಅಡುಗೆಗೆ ಮುಟ್ಟದೆ ಇಡಬೇಕಿತ್ತು. ಅವ್ವನ ಕನೆಕ್ಷನ್ನನ್ನು ಮುಧೋಳದ ಮಾಮಾ ಓಡಾಡಿ ಕೊಡಿಸಿದ್ದ. ಮಾಮಾ ಎಂದರೆ ಅವ್ವನ ಅಣ್ಣ, ಸಾಲಿ ಮಾಸ್ತರ. ತಂಗಿಯ ಕೆಮ್ಮನ್ನು ನೋಡಿ, ತನ್ನ ಮನೆಗೆ ಬರುವ ಮೊದಲೇ ಅವಳ ಮನೆಗೆ ಗ್ಯಾಸ್ ತರಿಸಿಕೊಟ್ಟಿದ್ದ. ಅವ್ವ ಜಗಳಾಡುವುದಾದರೆ ಅದೊಂದೇ ವಿಷಯಕ್ಕೆ.

“ನಮ್ಮಣ್ಣ ನನ್ನ ಎದಿ ನೋಡಿ ಕೊಡಿಸಿದ್ದರೀ ಅದು. ನಿಮ್ಮ ಗಾಡಿಗೇನ್ ಕೆಮ್ಮು ಬರತೈತೇನು?”

“ಗಾಡಿ ಓಡಿದ್ರ ಮನಿ ಓಡತೈತಿ ಶಾಂತಾ.”

“ಅಣ್ಣ ಬಂದು ಕೇಳಿದ್ರ ಏನ್ ಹೇಳ್ಲಿ?”

“ಮುಗದೈತಿ, ಬುಕ್ ಮಾಡೇವಿ ಅನ್ನು.”

ಹಾಗೆಯೇ ಹೇಳುತ್ತ ಬಂದೆವು. ಮಾಮಾ ಬಂದಾಗಲೆಲ್ಲ ನಮ್ಮ ಮನೆಯ ಗ್ಯಾಸು ಹಿಂದಿನ ದಿನವೇ ಮುಗಿದಿರುತ್ತಿತ್ತು. ಅವ್ವ ಸುಳ್ಳು ಹೇಳುವಾಗ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಅದೂ ಸುಳ್ಳು ಹೇಳಿದಂತೆಯೇ ಎಂದು ನನಗೆ ಅನಿಸುತ್ತಿತ್ತು.

ತುಂಬುವ ಕೆಲಸ ನಡೆಯುತ್ತಿದ್ದದ್ದು ಹೀಗೆ. ಅಪ್ಪ ಸಿಲಿಂಡರನ್ನು ಹಿತ್ತಲಿನ ಕಲ್ಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ರಬ್ಬರ್ ಪೈಪಿನಿಂದ ಗಾಡಿಯ ಟಾಕಿಗೆ ಕೂಡಿಸುತ್ತಿದ್ದ. ತುಂಬಿದ ಮೇಲೆ ಪೈಪು ಬಿಚ್ಚಿದಾಗ ಅದರ ಬಾಯಿಂದ ಬೆಳ್ಳಗಿನ ಹಬೆ ಹೊರಬಂದು, ಮೇಲೇರದೆ, ನೆಲ ಹಿಡಿದು ಹರಿಯುತ್ತಿತ್ತು. ಅಪ್ಪ ಗೋಣಿಚೀಲ ಬೀಸಿ ಬೀಸಿ ಅದನ್ನು ಹಿತ್ತಲಿನ ಆಚೆಗೆ ಓಡಿಸಿ, ಮೂಗಿಗೆ ವಾಸನೆ ಬರದಾದ ಮೇಲೆ “ಆತು” ಅನ್ನುತ್ತಿದ್ದ. ಅಲ್ಲಿಯ ತನಕ ಮನೆಯಲ್ಲಿ ಬೆಂಕಿಕಡ್ಡಿ ಕೊರೆಯುವಂತಿಲ್ಲ. ನಾನು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು, ಅಪ್ಪ ಹೇಳಿದ ಮೇಲೆ ಅವ್ವನಿಗೆ “ಆತು” ಎಂದು ತಿಳಿಸಬೇಕು. ಒಂಬತ್ತು ವರ್ಷದವಳಿಗೆ ಅದು ದೊಡ್ಡ ಕೆಲಸ. ನನ್ನ ಮಾತಿಗೆ ಇಡೀ ಮನೆ ಕಾಯುತ್ತದೆ ಎಂದು ನನಗೊಂದು ಹೆಮ್ಮೆಯೂ ಇತ್ತು.

ಆ ದಿನ ಮಾಮಾ ಹೇಳದೆ ಕೇಳದೆ ಬಂದ. ಜಮಖಂಡಿಯಲ್ಲಿ ಅವನಿಗೇನೋ ಕೆಲಸವಿತ್ತಂತೆ, ತಂಗಿಯನ್ನು ನೋಡಿ ಹೋಗೋಣ ಎಂದು ಬನಹಟ್ಟಿಯ ಬಸ್ಸು ಹತ್ತಿದ್ದ. ಇನ್ನೂ ಸಂಜೆಯ ಬೆಳಕಿತ್ತು. ಅಪ್ಪ ಆಗಷ್ಟೇ ಅವ್ವನ ಸಿಲಿಂಡರನ್ನು ಹಿತ್ತಲಿಗೆ ಒಯ್ದು ಪೈಪು ಕೂಡಿಸಿದ್ದ. ವಾಸನೆ ಮುಂದಿನ ಖೋಲಿಗೆ ಬಾರದಿರಲಿ ಎಂದು ಅವ್ವ ಅಡುಗೆಮನೆಯ ಎರಡೂ ಬಾಗಿಲುಗಳನ್ನು ಚಿಲಕ ಹಾಕದೆ ಮುಚ್ಚಿಕೊಂಡು, ಹಿಂಬಾಗಿಲ ಸಂದಿಯಲ್ಲಿ ನನ್ನನ್ನು ನಿಲ್ಲಿಸಿದಳು. ಮುಂದಿನ ಖೋಲಿಯಲ್ಲಿ ಮಾಮಾ ಚಾಪೆಯ ಮೇಲೆ ಕೂತಿದ್ದ. ಬಂದಾಗಲೆಲ್ಲ ನನಗೆ ಒಗಟು ಹೇಳುತ್ತಿದ್ದ ಮಾಮಾ, ಆ ದಿನವೂ ಒಂದು ಹೇಳಿ, ಉತ್ತರ ಹುಡುಕಿಕೊಂಡು ಬಾ ಎಂದಿದ್ದ. ನನ್ನ ತಲೆಯಲ್ಲಿ ಅದೇ ತಿರುಗುತ್ತಿತ್ತು. ಮಗ್ಗ ನಿಂತಿದ್ದರಿಂದ ಮಾಮಾನ ಮಾತು ಸ್ಪಷ್ಟವಾಗಿ ಕೇಳಿಸಿತು.

“ಶಾಂತಾ, ಚಾ ಮಾಡ್ತೀಯೋ, ಇಲ್ಲಾ ನಾನ ಬಂದು ಮಾಡ್ಲೋ?”

ನಗುತ್ತಲೇ ಕೇಳಿದ್ದ. ಅವ್ವನ ಮುಖ ಬಿಳಿಚಿಕೊಂಡಿತು. ಕಟ್ಟಿಗೆ ಒಲೆಯಲ್ಲಿಟ್ಟು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದಿದ್ದಳು.

“ಆತೇನ್ ಬೇ?” ಎಂದು ನನ್ನನ್ನು ಕೇಳಿದಳು.

ನಾನು ಸಂದಿಯಿಂದ ನೋಡಿದೆ. ಅಪ್ಪ ಬಗ್ಗಿ ಪೈಪು ಬಿಚ್ಚಿದ್ದ. ಗೋಣಿಚೀಲವನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಒಗಟಿನ ಉತ್ತರ ನನಗೆ ಅದೇ ಗಳಿಗೆಯಲ್ಲಿ ಹೊಳೆದಿತ್ತು.

“ಆತು,” ಎಂದು ಹೇಳಿ ಮಾಮಾನ ಕಡೆಗೆ ಓಡಿದೆ.

ನಡುವಿನ ಖೋಲಿ ದಾಟುವಾಗ ಹಿಂದಿನಿಂದ ಒದ್ದೆ ಜಮಖಾನೆ ಕೊಡವಿದಂಥ ಸದ್ದಾಯಿತು. ದೊಡ್ಡದೇನೂ ಅಲ್ಲ. ಬೆನ್ನಿಗೆ ಬಿಸಿ ಬಡಿಯಿತು. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲು ಹಾರಿ ತೆರೆದಿತ್ತು. ನೆಲದ ಮೇಲೆ ನೀಲಿ ಉರಿ ನೀರಿನಂತೆ ಹರಡಿ, ನೋಡನೋಡುತ್ತಲೇ ಇಲ್ಲವಾಯಿತು. ಅವ್ವ ಒಲೆಯ ಮುಂದಿನಿಂದ ಎದ್ದಿದ್ದಳು, ಸೆರಗು ಉರಿಯುತ್ತಿತ್ತು. ಅಪ್ಪ ಹಿತ್ತಲಿನಿಂದ ನುಗ್ಗಿ ಬಂದು, ಕೈಯಲ್ಲಿದ್ದ ಗೋಣಿಚೀಲ ಅವಳ ಮೇಲೆ ಹಾಕಿ, ನೆಲಕ್ಕೆ ಕೆಡವಿ ಒತ್ತಿ ಹಿಡಿದ. ನನ್ನ ಹಿಂದೆ ಬಂದು ನಿಂತ ಮಾಮಾ ಕಂಡದ್ದು ಅಷ್ಟನ್ನೇ: ತಂಗಿ ಕೆಳಗೆ, ಅವಳ ಗಂಡ ಮೇಲೆ.

“ಗೌರಿ, ನೀ ಹೊರಗ ಹೋಗು,” ಎಂದಳು ಅವ್ವ ಗೋಣಿಯ ಒಳಗಿನಿಂದ.

ಮನೆ ಮಾಲಕರ ಜೀಪಿನಲ್ಲಿ ಜಮಖಂಡಿಯ ದವಾಖಾನೆಗೆ ಒಯ್ದರು. ಎರಡೂ ಕೈ, ಕುತ್ತಿಗೆ, ಗದ್ದ ಸುಟ್ಟಿದ್ದವು. ನೂಲಿನ ಸೀರೆ ಉಟ್ಟದ್ದರಿಂದ ಬದುಕಿದಳು, ನೈಲಾನಾಗಿದ್ದರೆ ಮೈಗೆ ಅಂಟಿಕೊಳ್ಳುತ್ತಿತ್ತು ಎಂದರು ಡಾಕ್ಟರು. ಹೆಣ್ಣುಮಗಳು ಸುಟ್ಟುಕೊಂಡು ಬಂದರೆ ಪೊಲೀಸರಿಗೆ ತಿಳಿಸಲೇಬೇಕು. ಒಬ್ಬ ಹವಾಲ್ದಾರ ಬಂದು ಅಪ್ಪನನ್ನು ಕೇಳಿದ. ಗ್ಯಾಸು ಎಂದರೆ ಗಾಡಿ ಹೋಗುತ್ತದೆ, ಸಿಲಿಂಡರ್ ಕೊಟ್ಟ ಮನೆಗಳ ಹೆಸರೂ ಹೊರಬೀಳುತ್ತದೆ. ಅಪ್ಪನಿಗೆ ಆ ಹೊತ್ತಿಗೆ ತೋಚಿದ ಸುಳ್ಳು ಒಂದೇ.

“ಸ್ಟೋ ಬರ್ಸ್ಟ್ ಆತ್ರಿ.”

ಹವಾಲ್ದಾರ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಹೆಂಡತಿಗೆ ಬೆಂಕಿ ಹಚ್ಚಿದ ಗಂಡಂದಿರೆಲ್ಲ ಹೇಳುವ ಮಾತು ಅದು. ಅವನು ಎಷ್ಟು ಬಾರಿ ಕೇಳಿದ್ದನೋ. ಆ ದಿನದ ತನಕ ಅಪ್ಪನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ ಮಾಮಾ ಎದ್ದು ನಿಂತ.

“ನಿನ್ನ ಮನ್ಯಾಗ ಸ್ಟೋ ಎಲ್ಲೈತೋ ಬಸಪ್ಪ?”

ಅಪ್ಪ ನೆಲ ನೋಡಿದ.

“ನಾ ಅಲ್ಲೇ ಇದ್ದೆ. ಆಕಿನ್ನ ನೆಲಕ್ಕ ಕೆಡವಿ ಒತ್ತಿ ಹಿಡದಿದ್ದಿ. ನಾ ಕಣ್ಣಾರೆ ನೋಡೇನಿ.”

ಮರುದಿನ ಊದಿದ ತುಟಿಗಳಿಂದ ಅವ್ವನೂ ಸ್ಟೋ ಎಂದೇ ಹೇಳಿದಳು. ಅದರಿಂದ ಇನ್ನಷ್ಟು ಕೆಟ್ಟಿತು. ಗಂಡನಿಗೆ ಅಂಜಿ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡ ಮಾಮಾ. ಅಪ್ಪನನ್ನು ಠಾಣೆಗೆ ಕರೆದೊಯ್ದರು. ನಾನು ದವಾಖಾನೆಯ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಸ್ಟೋ ಎನ್ನುತ್ತಿದ್ದೆನೋ ಏನೋ. ಮನೆಯ ಮಾತನ್ನು ಹೊರಗೆ ಆಡಬಾರದು ಎಂದು ಕಲಿತವಳು ನಾನು. ಅದಕ್ಕಿಂತ ಹೆಚ್ಚಾಗಿ, ಖರೆ ಹೇಳಲು ಹೊರಟರೆ ಅದು ನನ್ನಿಂದಲೇ ಶುರುವಾಗಬೇಕಿತ್ತು.

ಮಾಮಾ ನನ್ನನ್ನು ಮುಧೋಳಕ್ಕೆ ಕರೆದೊಯ್ದ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮುಂಜಾನೆ ಮಾಮಾನ ಹೆಂಡತಿ ಅತ್ತಿ ನನಗಾಗಿ ಉಪ್ಪಿಟ್ಟು ಮಾಡಲು ಗ್ಯಾಸ್ ತಿರುವಿ ಕಡ್ಡಿ ಕೊರೆದಳು. ಆ ಸದ್ದಿಗೆ ನಾನು ಓಡಿ ಬೀದಿಗೆ ಬಂದು, ಎದುರು ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಾಲು ಒದ್ದೆಯಾಗಿದ್ದವು, ಉಚ್ಚೆ ಹೊಯ್ದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಮಾಮಾ ಬಂದು ಪಕ್ಕದಲ್ಲಿ ಕೂತ.

“ಅಂಜಬ್ಯಾಡ. ನಿಮ್ಮಪ್ಪ ಇಲ್ಲಿ ಬರೂದಿಲ್ಲ.”

“ಅಪ್ಪ ಹಚ್ಚಿಲ್ಲ ಮಾಮಾ.”

“ಮತ್ಯಾರು ಹಚ್ಯಾರ?”

“ಅಪ್ಪ ಗಾಡಿಗೆ ಗ್ಯಾಸ್ ತುಂಬಾಕತ್ತಿದ್ದ. ಅವ್ವ ಆತೇನು ಅಂತ ಕೇಳಿದ್ಲು. ಆಗಿದ್ದಿಲ್ಲ. ನಾ ಆತು ಅಂದೆ.”

ಮಾಮಾ ನನ್ನ ಕಡೆ ತಿರುಗಿದ.

“ಯಾವ ಗ್ಯಾಸ್?”

“ನೀ ಕೊಡಿಸಿದ್ದು.”

“ಹಂಗಾದ್ರ ಆಕಿ ಅಡಗಿ?”

“ಕಟ್ಟಿಗಿ ಒಲ್ಯಾಗ. ನಾ ಸಾಲ್ಯಾಗ ಎರಡನೇತ್ತಾ ಇದ್ದಾಗಿಂದ.”

ಅವನು ಎದ್ದು ನನ್ನ ಕೈ ಹಿಡಿದ. ಒಳಗೆ ಕರೆದೊಯ್ದು, ತಾನೇ ಬಿಸಿನೀರು ತೋಡಿ ನನ್ನ ಕಾಲು ತೊಳೆದ. ಅದೇ ದಿನ ಬಸ್ಸು ಹತ್ತಿ ನನ್ನನ್ನು ಠಾಣೆಗೆ ಕರೆತಂದ. ಮೇಜಿನ ಆಚೆ ಕೂತಿದ್ದ ಸಾಹೇಬರ ಮುಂದೆ ನಾನು ಎಲ್ಲವನ್ನೂ ಹೇಳಿದೆ. ಅಪ್ಪ ಗೋಡೆಯ ಪಕ್ಕ ನಿಂತಿದ್ದ, ಎರಡು ಮೂರು ದಿನದ ಗಡ್ಡ ಬಂದಿತ್ತು. ನಾನು ಗ್ಯಾಸು ಎಂದಾಗ ಅವನು ಕಣ್ಣು ಮುಚ್ಚಿದ. ಸಾಹೇಬರು ಹಿತ್ತಲಿಗೆ ಜನ ಕಳಿಸಿದರು. ಪೈಪು, ಸಿಲಿಂಡರ್, ಟಾಕಿ ಎಲ್ಲ ಇದ್ದಲ್ಲೇ ಇದ್ದವು. ಸುದ್ದಿ ಕೇಳಿದ ಮೇಲೆ ಅವ್ವನೂ ಹೇಳಿಕೆ ಬದಲಿಸಿದಳು. ಅಪ್ಪನ ಮೇಲಿದ್ದ ದೊಡ್ಡ ಅನುಮಾನ ಹೋಯಿತು, ಅದರ ಜೊತೆಗೆ ಗಾಡಿಯೂ ಹೋಯಿತು. ಬಹಳ ದಿನಗಳ ಮೇಲೆ ಅದನ್ನು ಬಿಟ್ಟುಕೊಟ್ಟರೂ ಅಪ್ಪ ಮನೆಗೆ ತರಲಿಲ್ಲ, ಅಲ್ಲಿಂದಲೇ ಮಾರಿದ.

ಅವ್ವ ಮನೆಗೆ ಬಂದಾಗ ಬಲಗೈಯ ಮೂರು ಬೆರಳು ಮಡಿಚಿಕೊಂಡಿದ್ದವು. ನೂಲು ಹಿಡಿಯಲು ಬರಲಿಲ್ಲ. ಸಾಲಿಗೆ ಹೋಗುವ ಮುಂಚೆ ಕಂಡಿಕೆ ಸುತ್ತುವ ಕೆಲಸ ನನ್ನದಾಯಿತು, ಅವ್ವ ಪಕ್ಕದಲ್ಲಿ ಕೂತು ಬಾಯಿಂದ ಹೇಳಿಕೊಡುತ್ತಿದ್ದಳು. ಗ್ಯಾಸ್ ಒಲೆಯ ಮೇಲಿನ ಬಟ್ಟೆ ಕೊನೆಗೂ ಸರಿಯಿತು. ಮಣ್ಣಿನ ಒಲೆಯನ್ನು ಮಾಮಾ ತಾನೇ ಒಡೆದು ಹಾಕಿದ. ಅಪ್ಪ ಬಾಡಗಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಹೋದ. ಸೀಜನ್ ಮುಗಿದ ಮೇಲೆ ಮನೆಗೆ ಬಂದರೆ ನಾನು ಖೋಲಿಗೆ ಕಾಲಿಟ್ಟ ಕೂಡಲೇ ಸರಿದು ಜಾಗ ಮಾಡಿಕೊಡುತ್ತಿದ್ದ, ಬೇರೆಯವರ ಮನೆಯ ಹುಡುಗಿಗೆ ಮಾಡಿಕೊಟ್ಟಂತೆ. ಒಮ್ಮೆಯೂ ಬೈಯಲಿಲ್ಲ. “ಬಾರವ್ವಾ ಗೌರಿ, ಹೋಗಿ ಬರೋಣ,” ಎಂದು ಮುಂದಿನ ಸೀಟಿಗೆ ಕರೆಯುತ್ತಿದ್ದವನು ಆಮೇಲೆ ಎಲ್ಲಿಗೂ ಕರೆಯಲಿಲ್ಲ. ನನಗೂ ಒಂದು ರೋಗ ಹತ್ತಿತು. ಯಾರು ಏನು ಕೇಳಿದರೂ ಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ. ಲೆಕ್ಕ ಮುಗೀತೇನು ಎಂದು ಮಾಸ್ತರರು ಕೇಳಿದರೆ, ಮುಗಿದಿದ್ದರೂ ಮತ್ತೊಮ್ಮೆ ಮೊದಲಿನಿಂದ ನೋಡುತ್ತಿದ್ದೆ. ಹುಡುಗಿ ಮಂದ ಎಂದು ಕೆಲವು ಮಾಸ್ತರರು ಪ್ರಗತಿಪತ್ರದಲ್ಲಿ ಬರೆದುಕೊಟ್ಟರು. ಬರಬರುತ್ತ ಅದೇ ನನ್ನ ಸ್ವಭಾವವಾಯಿತು. ಒಂದು ವಸ್ತು ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಬಿಟ್ಟು ಬೇರೇನೂ ಓದಲು ಮನಸ್ಸಾಗದೆ ರಸಾಯನಶಾಸ್ತ್ರ ಓದಿದೆ.

ಈಗ ನಾನು ಬೀಳಗಿ ಕಡೆಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೇನೆ. ನಮ್ಮ ಸೀಮೆಯ ಕಬ್ಬಿನಿಂದ ಎಥೆನಾಲ್ ಇಳಿಸುತ್ತಾರೆ, ಅದು ಪೆಟ್ರೋಲಿಗೆ ಬೆರೆಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಕಳೆದ ಬೇಸಿಗೆಯಲ್ಲಿ ಮುಧೋಳದಿಂದ ಮಾಮಾ ಫೋನ್ ಮಾಡಿದ್ದ. ಪಂಪಿನಲ್ಲಿ ಈಗ ಕೊಡುವ ಪೆಟ್ರೋಲು ತನ್ನ ಹಳೆಯ ಸ್ಕೂಟರಿಗೆ ಆಗುತ್ತದೋ ಇಲ್ಲವೋ ಎಂದು ಕೇಳಲು. ಎಂಬತ್ತರ ಹತ್ತಿರದ ಮಾಮಾ ಇನ್ನೂ ಸಂತೆಗೆ ಅದರ ಮೇಲೆಯೇ ಹೋಗುತ್ತಾನೆ. ಎಂಜಿನ್ ಬಡಿದುಕೊಳ್ಳುವುದಿಲ್ಲ, ಎಥೆನಾಲಿನ ಆಕ್ಟೇನ್ ಹೆಚ್ಚು ಎಂದೆ. ಮೈಲೇಜ್ ತುಸು ಕಡಿಮೆಯಾಗುತ್ತದೆ, ಹಳೆಯ ರಬ್ಬರ್ ಪೈಪುಗಳು ಕೆಡಬಹುದು, ಮೆಕ್ಯಾನಿಕ್‌ಗೆ ತೋರಿಸಿ ಬದಲಿಸು, ಟಾಕಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರು ಹಿಡಿಯುತ್ತದೆ ಎಂದೂ ಹೇಳಿದೆ. ಫೋನ್ ಇಟ್ಟಾಗ ಅವ್ವ ಎದುರಿಗೇ ಕೂತು ಕಡಲೆ ಸುಲಿಯುತ್ತಿದ್ದಳು, ಎಡಗೈಯಲ್ಲಿ.

“ಪೈಪ್ ಸೋರಿದ್ರ ವಾಸನಿ ಬರತೈತಿ, ಗೊತ್ತಾಗತೈತಿ ಅಣ್ಣಗ,” ಎಂದಳು.

“ಎಲ್ಲಾರಿಗೂ ಗೊತ್ತಾಗೂದಿಲ್ಲ ಬೇ.”

“ಗೊತ್ತಾಗತೈತಿ. ಅವತ್ತ ನನಗ ಗೊತ್ತಾಗಿತ್ತು.”

ಅವಳು ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಅವ್ವ ಕಡಲೆಯಿಂದ ಕಣ್ಣು ತೆಗೆಯಲಿಲ್ಲ.

“ನೀ ಆತು ಅಂದಿ. ಒಲಿ ಮುಂದ ಬಗ್ಗಿದೆ, ವಾಸನಿ ಮೂಗಿಗೆ ಬಡೀತು. ನಿಲ್ಲೂಣು ಅನಕೊಂಡೆ. ಅಷ್ಟ್ರಾಗ ಅಣ್ಣ ಎದ್ದಂಗಾತು, ಹೆಜ್ಜಿ ಸಪ್ಪಳ ಕೇಳಿಸ್ತು. ಒಳಗ ಬಂದ್ರ ಎಲ್ಲಾ ಕಾಣತೈತಿ ಅಂತ ಕಡ್ಡಿ ಕೊರದೆ.”

ಮೂವತ್ತು ವರ್ಷಗಳ ಹತ್ತಿರ ಬಂತು. ಅಷ್ಟೂ ವರ್ಷ ಅವಳ ಮಡಿಚಿದ ಬೆರಳುಗಳಿಗೆ ನಾನೇ ಎಣ್ಣೆ ಹಚ್ಚಿದ್ದೇನೆ.

“ಅಪ್ಪಗ ಹೇಳಿದ್ದಿಯೇನು?”

“ದವಾಖಾನ್ಯಾಗ, ಪಟ್ಟಿ ಬಿಚ್ಚಿದ ದಿನ ಹೇಳಿದೆ.”

“ಏನಂದ?”

“ನಿಮ್ಮಣ್ಣನ ಮುಂದ ಹೇಳಬ್ಯಾಡ, ನನ್ನ ಕಾಲಿನ ಸಪ್ಪಳಕ್ಕ ತಂಗಿ ಸುಟ್ಟಕೊಂಡ್ಲು ಅಂತ ಅಂವ ಜೀವಾ ಸಣ್ಣ ಮಾಡಕೋತಾನ ಅಂದ. ಹುಡುಗಿ ಮುಂದ ಹೇಳಿದ್ರ ಆಕಿ ಮಾಮಾಗ ಹೇಳತಾಳ. ಸಣ್ಣಾಕಿ ಅದಾಳ, ಆಕಿ ಮರತಬಿಡತಾಳ ಅಂದ.”

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಹಗುರಾಗಬೇಕಿತ್ತು. ಸಿಟ್ಟು ಬಂತು. ತೀರಿಹೋದ ಅಪ್ಪನ ಮೇಲೆ, ಅವ್ವನ ಮೇಲೆ, ಯಾವ ತಪ್ಪೂ ಮಾಡದೆ ಇನ್ನೂ ಸ್ಕೂಟರ್ ಓಡಿಸುತ್ತಿರುವ ಮಾಮಾನ ಮೇಲೂ.

“ಮರತಿದ್ದಿಲ್ಲೇನ್ ಬೇ ನೀ?” ಎಂದಳು ಅವ್ವ ಹಿಂದಿನಿಂದ.

“ಇಲ್ಲ.”

ಕಡಲೆಯ ಸದ್ದು ನಿಂತಿತು. ಅವಳು, “ಹಂಗಾದ್ರ ಅಣ್ಣಗ ಫೋನ್ ಹಚ್ಚಿಕೊಡು, ನಾನ ಹೇಳತೇನಿ,” ಎಂದಳು. ಆಮೇಲೂ ಎರಡು ಮೂರು ಬಾರಿ ಕೇಳಿದ್ದಾಳೆ. ಅವನಿಗೆ ವಯಸ್ಸಾಗಿದೆ, ಬಿಪಿ ಇದೆ, ಒಬ್ಬನೇ ಇರುವಾಗ ಬೇಡ ಎನ್ನುತ್ತ ನಾನು ಇನ್ನೂ ಹಚ್ಚಿಕೊಟ್ಟಿಲ್ಲ.